ಆಡುವ ಮಗು ಶಾಲೆಯ ಸೊತ್ತಲ್ಲ

(ಯುವಜನರು ಮತ್ತು ಹೈಸ್ಕೂಲು ಉಪಾಧ್ಯಾಯರು ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ದಿನದ ಕೂಟಕ್ಕೆ ಅಮೆರಿಕದ ಹೈಸ್ಕೂಲು ಮಕ್ಕಳ ಆಟದ ನಿಯಮವೊಂದನ್ನು ಚರ್ಚೆಗೆ ಆರಿಸಿದ್ದೇವೆಂದು ತಿಳಿಸಿದಾಗ ಕೆಲವು ಗೆಳೆಯರು ನಕ್ಕರು. ಬೆಲೆಯೇರಿಕೆ, ರೈತನ ಸಾಲ, ಓದಿದ ಹುಡುಗರ ನಿರುದ್ಯೋಗ ಇವೆಲ್ಲ ಕಣ್ಣೆದುರಿಗಿರುವಾಗ ಟೆಕ್ಸಸಿನ ಫುಟ್‌ಬಾಲು ನಮಗೇಕೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ದೊಡ್ಡವರು ಮಾಡುವ ವ್ಯಾಪಾರಕ್ಕೆ ಚಿಕ್ಕವರನ್ನು ದಂಡಿಸುವ ನಿಯಮ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅದರ ಹುರುಳನ್ನು ಬಿಡಿಸಿ ನೋಡುವುದು ಸಮಾಜವಾದಿಗಳ ಕೆಲಸವೆಂಬುದು ನಮ್ಮ ಉತ್ತರ. ಕೊನೆಯಲ್ಲಿ ಈ ಮಾತು ನಮ್ಮ ಶಾಲೆಗಳ ಬಾಗಿಲಿಗೂ ಬಂದು ನಿಲ್ಲುತ್ತದೆಂಬುದನ್ನು ತಾವೇ ಕಾಣುವಿರಿ.

ಮೊದಲು ನಿಯಮವೇನೆಂದು ತಿಳಿಯೋಣ. ಅಮೆರಿಕದಲ್ಲಿ ಶಾಲೆಗಳ ಪಂದ್ಯಾಟವನ್ನು ಕೇಂದ್ರ ಸರ್ಕಾರ ನಡೆಸುವುದಿಲ್ಲ. ಒಂದೊಂದು ರಾಜ್ಯದಲ್ಲೂ ಶಾಲೆಗಳೇ ಕೂಡಿ ಕಟ್ಟಿಕೊಂಡ ಸಂಘವಿದೆ. ಐವತ್ತು ರಾಜ್ಯಗಳ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಸಂಘಗಳು ಒಂದು ರಾಷ್ಟ್ರೀಯ ಒಕ್ಕೂಟದಲ್ಲಿ ಸೇರಿವೆಯಾದರೂ ಯಾರು ಆಡಬಹುದು, ಯಾರು ಆಡಕೂಡದು ಎಂದು ಗೊತ್ತುಮಾಡುವ ಅಧಿಕಾರ ರಾಜ್ಯದ ಸಂಘದ್ದು. ಎರಡು ಆಟ ಆಡುವವನನ್ನು ಎರಡು ಸಲ ಎಣಿಸುವ ಅವರ ಲೆಕ್ಕದಂತೆ 2023–24ರಲ್ಲಿ ಹೈಸ್ಕೂಲು ಆಟಗಾರರ ಸಂಖ್ಯೆ 80 ಲಕ್ಷ ದಾಟಿತು. ಇಷ್ಟು ಮಕ್ಕಳ ಮೇಲೆ ನಡೆಯುವ ಅಧಿಕಾರ ಸಣ್ಣದೆಂದು ಹೇಳಲಾಗದು.

ಈ ಸಂಘಗಳ ನಿಯಮಾವಳಿಯಲ್ಲಿ ಶಾಲೆ ಬದಲಾಯಿಸಿದ ವಿದ್ಯಾರ್ಥಿಯ ಬಗ್ಗೆ ಒಂದು ಭಾಗವಿರುತ್ತದೆ. ಅದರ ತಿರುಳು ಇದು: ಒಪ್ಪತಕ್ಕ ಕಾರಣವಿಲ್ಲದೆ ಶಾಲೆ ಬಿಟ್ಟು ಬಂದವನು ಗೊತ್ತಾದ ಅವಧಿಯವರೆಗೆ ಹೊಸ ಶಾಲೆಯ ಮುಖ್ಯ ತಂಡದಲ್ಲಿ ಆಡಕೂಡದು. ಈ ಅವಧಿ ಕೆಲವೆಡೆ ಕೆಲವು ವಾರ, ಕೆಲವೆಡೆ ಅರ್ಧ ಋತು, ಕೆಲವೆಡೆ ಪೂರ್ತಿ ಒಂದು ವರ್ಷ. ಹುಡುಗ ಪಾಠಕ್ಕೆ ಬರಬಹುದು. ಪಂದ್ಯದ ದಿನ ಮಾತ್ರ ಗೆರೆಯ ಆಚೆ ಕೂತಿರಬೇಕು. ಒಪ್ಪತಕ್ಕ ಕಾರಣವೆಂದರೆ ಬಹುಮಟ್ಟಿಗೆ ಒಂದೇ: ತಂದೆತಾಯಿಗಳು ಮನೆಮಂದಿಯೆಲ್ಲರೊಡನೆ ಹೊಸ ಶಾಲೆಯ ಎಲ್ಲೆಯೊಳಕ್ಕೆ ನಿಜವಾಗಿ ವಾಸ ಬದಲಾಯಿಸಿರಬೇಕು.

ಒಂದು ವರ್ಷ ತಾನೆ, ಮುಂದಿನ ವರ್ಷ ಆಡಲಿ ಎನ್ನುವವರಿದ್ದಾರೆ. ಅಲ್ಲಿ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ. ಟೆಕ್ಸಸಿನಲ್ಲಿ ಒಂಬತ್ತನೆಯ ತರಗತಿಗೆ ಮೊದಲು ಕಾಲಿಟ್ಟ ದಿನದಿಂದ ನಾಲ್ಕು ವರ್ಷ ಕಳೆದರೆ ಆಡುವ ಅರ್ಹತೆ ಮುಗಿಯಿತು. ಕೂತು ಕಳೆದ ವರ್ಷವೂ ಆ ನಾಲ್ಕರಲ್ಲೇ ಎಣಿಕೆಯಾಗುತ್ತದೆ. ಹೀಗೆ ಕಾಲು ಭಾಗ ಹೋದದ್ದು ಮರಳಿ ಬಾರದು. ಕಾಲೇಜಿನ ಫೀಸು ಕಟ್ಟಲಾರದ ಕುಟುಂಬದ ಹುಡುಗನಿಗೆ ಆಟದ ವಿದ್ಯಾರ್ಥಿವೇತನವೊಂದೇ ದಾರಿಯಾಗಿರುವಾಗ, ಕಾಲೇಜಿನವರು ಬಂದು ನೋಡುವ ವರ್ಷವೇ ಅವನು ಗೆರೆಯ ಆಚೆ ಕೂತಿದ್ದರೆ ಹೋದದ್ದು ಬರೀ ಆಟವಲ್ಲ.

ಇಂಥ ನಿಯಮವನ್ನು ಮಾಡಿದವರೆಲ್ಲ ದುಷ್ಟರೆಂದು ನಾವು ಹೇಳುವುದಿಲ್ಲ. ಇದರ ಹಿಂದೆ ನಿಜವಾದ ಭಯವಿದೆ. ಹಣವುಳ್ಳ ಶಾಲೆಯ ತರಬೇತುದಾರ ಪಕ್ಕದ ಬಡ ಊರಿನ ಒಳ್ಳೆಯ ಓಟಗಾರನನ್ನು ಆಸೆ ತೋರಿಸಿ ಎಳೆದುಕೊಂಡು ಹೋಗುತ್ತಾನೆ. ಸಣ್ಣ ಶಾಲೆ ನಾಲ್ಕು ವರ್ಷ ಕಷ್ಟಪಟ್ಟು ಕಟ್ಟಿದ ತಂಡ ಒಂದೇ ಬೇಸಿಗೆಯಲ್ಲಿ ಮುರಿಯುತ್ತದೆ. ಹೊರಗಿನಿಂದ ಬಂದವನಿಗಾಗಿ ಹೊಸ ಶಾಲೆಯ ಒಬ್ಬ ಹುಡುಗನೂ ತನ್ನ ಜಾಗ ಬಿಡಬೇಕಾಗುತ್ತದೆ. ಆಟಗಾರರನ್ನು ಕೊಳ್ಳುವ ಸಂತೆಯಾಗಿ ಶಾಲೆ ಮಾರ್ಪಡಬಾರದೆಂಬುದು ಸರಿಯಾದ ಉದ್ದೇಶ. ಆದರೆ ಕೊಳ್ಳುವವನನ್ನು ಹಿಡಿಯಲು ಹೊರಟ ನಿಯಮ ಹಿಡಿದದ್ದು ಯಾರನ್ನು? ಇದಕ್ಕೆ ಟೆಕ್ಸಸಿನ ಚರಿತ್ರೆಯೇ ಉತ್ತರ.

ಟೆಕ್ಸಸಿನ ಸಂಘದ ಹೆಸರು ಯೂನಿವರ್ಸಿಟಿ ಇಂಟರ್‌ಸ್ಕಾಲಸ್ಟಿಕ್ ಲೀಗ್. 1910ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಶಾಲೆಗಳ ಚರ್ಚಾಸ್ಪರ್ಧೆಗಾಗಿ ಹುಟ್ಟಿದ ಸಂಘ, ಕೆಲವೇ ವರ್ಷಗಳಲ್ಲಿ ಆಟಕ್ಕೂ ಒಡೆಯನಾಯಿತು. 1960ರ ದಶಕದವರೆಗೂ ಇದರ ಬಾಗಿಲು ಬಿಳಿಯರ ಶಾಲೆಗಳಿಗೆ ಮಾತ್ರ ತೆರೆದಿತ್ತು. ಕರಿಯ ಮಕ್ಕಳ ಶಾಲೆಗಳು ಪ್ರೇರಿ ವ್ಯೂ ಇಂಟರ್‌ಸ್ಕಾಲಸ್ಟಿಕ್ ಲೀಗ್ ಎಂಬ ಬೇರೆ ಸಂಘದಲ್ಲಿ ಆಡುತ್ತಿದ್ದವು. 1970ರಲ್ಲಿ ಆ ಸಂಘ ಮುಚ್ಚಿತು. ಡಾ. ಲೋಹಿಯಾ ಅವರನ್ನು 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಊಟದ ಹೋಟೆಲಿನ ಬಾಗಿಲಲ್ಲಿ ಬಣ್ಣದ ಕಾರಣಕ್ಕೆ ತಡೆದು ಪೊಲೀಸರು ಹಿಡಿದೊಯ್ದದ್ದು ನಿಮಗೆ ಗೊತ್ತಿದೆ. ಊಟದ ಮೇಜಿಗಿದ್ದ ಗೆರೆ ಆಟದ ಬಯಲಿಗೂ ಇತ್ತು. ಯಾರು ಆಡಬಹುದೆಂಬ ಪ್ರಶ್ನೆ ಅಲ್ಲಿ ಎಂದೂ ಬರೀ ಆಟದ ಪ್ರಶ್ನೆಯಾಗಿರಲಿಲ್ಲ.

ಈ ಸಂಘದ ಹಳೆಯ ನಿಯಮ ಬಹಳ ಒರಟು. ಒಂದು ಶಾಲೆಯಲ್ಲಿ ಫುಟ್‌ಬಾಲು ಅಥವಾ ಬ್ಯಾಸ್ಕೆಟ್‌ಬಾಲು ಆಡಿದ್ದವನು ಇನ್ನೊಂದು ಶಾಲೆಗೆ ಬಂದರೆ ಆ ಆಟದಲ್ಲಿ ಒಂದು ವರ್ಷ ಮುಖ್ಯ ತಂಡಕ್ಕೆ ಅನರ್ಹ. ಅವರು ಫುಟ್‌ಬಾಲೆನ್ನುವುದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಆ ನಾಡಿನ ಹುಚ್ಚೇ ಅದು. ಉತ್ತರದ ವರ್ಮಾಂಟ್ ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲು ಆಡುತ್ತಿದ್ದ ಹುಡುಗನೊಬ್ಬನ ಕುಟುಂಬ ಟೆಕ್ಸಸಿನ ಆಸ್ಟಿನ್ ನಗರಕ್ಕೆ ಬಂದು ನೆಲಸಿತು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸಂಸಾರವೇ ಬಂದಿರುವಾಗ ಆಟಕ್ಕಾಗಿ ಬಂದರೆಂದು ಯಾರೂ ಹೇಳಲಾರರು. ಆದರೂ ನಿಯಮ ನಿಯಮವೇ ಎಂದು ಅವನನ್ನು ಕೂರಿಸಿದರು. ಮೊಕದ್ದಮೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1981ರಲ್ಲಿ ನ್ಯಾಯಾಲಯ ಈ ನಿಯಮ ಸಮಾನ ರಕ್ಷಣೆಯ ಹಕ್ಕಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಶಾಲೆ ಬದಲಾಯಿಸಿದವರೆಲ್ಲರನ್ನೂ ಆಸೆಗೆ ಬಂದವರೆಂದು ಊಹಿಸಿ, ಆ ಊಹೆ ಸುಳ್ಳೆಂದು ತೋರಿಸಲು ಹುಡುಗನಿಗೆ ಅವಕಾಶವನ್ನೇ ಕೊಡದಿರುವುದು ಅನ್ಯಾಯವೆಂಬುದು ಆ ತೀರ್ಪಿನ ಸಾರ.

ಆಮೇಲೆ ನಿಯಮ ಬದಲಾಯಿತು. ಈಗ ಟೆಕ್ಸಸಿನಲ್ಲಿ ಕಾರಣ ಕೇಳುತ್ತಾರೆ. ಆಟದ ಉದ್ದೇಶಕ್ಕಾಗಿ ಶಾಲೆ ಬದಲಿಸಿದವನು ಕನಿಷ್ಠ ಒಂದು ವರ್ಷ ಮುಖ್ಯ ತಂಡದಲ್ಲಿ ಆಡುವಂತಿಲ್ಲ. ಬೇರೆ ಉದ್ದೇಶಕ್ಕೆ ಬಂದವನಾದರೆ ಉಳಿದ ಅರ್ಹತೆಗಳನ್ನು ನೋಡಿ ಬಿಡುತ್ತಾರೆ. ಮುಂದೆ ಬಂದ ಹೆಜ್ಜೆಯೇ. ಆದರೆ ಕಾರಣವನ್ನು ಕೇಳುವವರು ಯಾರು, ತೀರ್ಮಾನಿಸುವವರು ಯಾರು ಎಂಬುದನ್ನು ನೋಡಿ. ಹುಡುಗ ಬಿಟ್ಟುಬಂದ ಶಾಲೆಯವರು ಒಂದು ನಮೂನೆಯನ್ನು ತುಂಬಬೇಕು. ತರಬೇತುದಾರನೊಡನೆ ಇವನಿಗೆ ಮನಸ್ತಾಪವಿತ್ತೆ, ಆಟಕ್ಕಾಗಿ ಹೋಗುತ್ತಿದ್ದಾನೆಯೆ ಎಂಬ ಪ್ರಶ್ನೆಗಳಿಗೆ, ಅವನನ್ನು ಕಳೆದುಕೊಂಡು ಸಿಟ್ಟಾಗಿರುವವರೇ ಉತ್ತರ ಬರೆಯಬೇಕು. ತಕರಾರೆದ್ದರೆ ವಿಚಾರಣೆ ಮಾಡುವುದು ಜಿಲ್ಲಾ ಕಾರ್ಯಕಾರಿ ಸಮಿತಿ. ಆ ಸಮಿತಿಯಲ್ಲಿ ಕೂರುವವರು ಅದೇ ಗುಂಪಿನಲ್ಲಿ ಪಂದ್ಯ ಆಡುವ ಶಾಲೆಗಳ ಮೇಲಧಿಕಾರಿಗಳು ಅಥವಾ ಅವರು ಕಳಿಸಿದವರು. ಮೇಲ್ಮನವಿಗೆ ರಾಜ್ಯದ ಸಮಿತಿಯಿದೆ, ನಿಜ. ಆದರೆ ಎದುರಾಳಿಯೇ ಮೊದಲ ನ್ಯಾಯಾಧೀಶನಾಗುವ ಪದ್ಧತಿಯನ್ನು ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆಯೂ ಒಪ್ಪಲಾರದು.

ಇನ್ನು ಮನೆಮಂದಿಯೆಲ್ಲ ವಾಸ ಬದಲಿಸಬೇಕೆಂಬ ಷರತ್ತನ್ನು ನೋಡೋಣ. ಇದು ಎಲ್ಲರಿಗೂ ಒಂದೇ ಎಂದು ಹೇಳುತ್ತಾರೆ. ಹಣವಿದ್ದವನಿಗೆ ಒಳ್ಳೆಯ ಶಾಲೆಯ ಎಲ್ಲೆಯೊಳಗೆ ಮನೆ ಕೊಳ್ಳುವುದು, ಬಾಡಿಗೆ ಕರಾರು ತೋರಿಸುವುದು, ವಿದ್ಯುತ್ ಬಿಲ್ಲು ಮುಂದಿಡುವುದು ಕಷ್ಟವಲ್ಲ. ಮೇಲಾಗಿ ವಕೀಲನೂ ಇದ್ದಾನೆ. ಬಡವರ ಸಂಸಾರ ಹಾಗೆ ಅಚ್ಚುಕಟ್ಟಾಗಿ ಒಟ್ಟಿಗೆ ಸ್ಥಳ ಬದಲಾಯಿಸುವುದಿಲ್ಲ. ತಾಯಿಗೆ ಕೆಲಸ ಹೋಗಿ ಬಾಡಿಗೆ ಕಟ್ಟಲಾಗದೆ ಮಗನನ್ನು ಅಜ್ಜಿಯ ಮನೆಗೆ ಕಳಿಸುತ್ತಾಳೆ. ತಂದೆ ಬಿಟ್ಟುಹೋಗಿರುತ್ತಾನೆ, ಆದರೆ ವಿಚ್ಛೇದನದ ಕಾಗದ ಆಗಿರುವುದಿಲ್ಲ. ಅನೇಕ ರಾಜ್ಯಗಳಲ್ಲಿ ಇಂಥ ಮಗುವಿಗೆ ಕೇಳುವ ದಾಖಲೆ ಕೋರ್ಟಿನ ಪೋಷಕತ್ವದ ಆಜ್ಞೆ. ವಿನಾಯಿತಿಗೆ ಅರ್ಜಿ ಹಾಕಬಹುದು. ಅರ್ಜಿ ಬರೆಯುವವರು, ಕಚೇರಿಗೆ ಅಲೆಯುವವರು, ಅದಕ್ಕಾಗಿ ಒಂದು ದಿನದ ಕೂಲಿ ಬಿಡುವವರು ಯಾರು? ಕಾಗದ ಕೇಳುವ ನಿಯಮ ಕಾಗದವುಳ್ಳವನ ಪಕ್ಷ ವಹಿಸುತ್ತದೆಂಬುದನ್ನು ನಮ್ಮ ಗೇಣಿದಾರರಿಗೆ ಬೇರೆ ಹೇಳಬೇಕಾಗಿಲ್ಲ. ಮೂರು ತಲೆಮಾರು ಉತ್ತ ನೆಲಕ್ಕೂ ಗೇಣಿ ಚೀಟಿ ಎಲ್ಲಿ ಎಂದು ಕೇಳಿಸಿಕೊಂಡವರು ಅವರು.

ಅಲ್ಲಿನ ಸರ್ಕಾರಕ್ಕೆ ಇದು ತಿಳಿಯದ ಮಾತಲ್ಲ. ಮನೆಯಿಲ್ಲದ ಮಕ್ಕಳಿಗಾಗಿ 1987ರಲ್ಲಿ ಮಾಡಿದ ಮೆಕಿನಿ–ವೆಂಟೊ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದು, ಅಂಥ ಮಕ್ಕಳು ಪಾಠೇತರ ಚಟುವಟಿಕೆಗಳಲ್ಲಿ ಸೇರಲು ಇರುವ ಅಡ್ಡಿಗಳನ್ನು ತೆಗೆಯಬೇಕೆಂದು ರಾಜ್ಯಗಳಿಗೆ ಹೇಳಿದೆ. ಸೈನಿಕರ ಮಕ್ಕಳು ತಂದೆತಾಯಿಗೆ ವರ್ಗವಾದಾಗ ಪಾಠದಲ್ಲಿ, ಆಟದಲ್ಲಿ ನಷ್ಟ ಹೊಂದಬಾರದೆಂದು ರಾಜ್ಯಗಳ ನಡುವೆ ಒಂದು ಒಪ್ಪಂದವಿದೆ. ಐವತ್ತು ರಾಜ್ಯಗಳೂ ಅದಕ್ಕೆ ಸೇರಿವೆ. ಒಳ್ಳೆಯದೇ. ಮನಸ್ಸು ಮಾಡಿದರೆ ಐವತ್ತು ರಾಜ್ಯಗಳು ಒಂದು ಮಾತಿಗೆ ಬರಬಲ್ಲವೆಂದಾಯಿತು. ಸೈನಿಕನ ಮಗುವಿಗೆ ಸಲ್ಲುವ ನ್ಯಾಯ ಹಣ್ಣು ಕೀಳುವ ಕೂಲಿಗಾರನ ಮಗುವಿಗೂ, ಕಾರ್ಖಾನೆ ಮುಚ್ಚಿ ಊರು ಬಿಟ್ಟವನ ಮಗುವಿಗೂ ಅದೇ ಬಲದಿಂದ ಏಕೆ ಸಲ್ಲಬಾರದು?

ಈಗ ಇನ್ನೊಂದು ಕಡೆಯಿಂದ ಗಾಳಿ ಬೀಸುತ್ತಿದೆ. ನಿಯಮವನ್ನೇ ಕಿತ್ತುಹಾಕಿ, ಯಾರು ಎಲ್ಲಿಗೆ ಬೇಕಾದರೂ ಹೋಗಿ ಆಡಲಿ ಎನ್ನುವವರು ಹೆಚ್ಚುತ್ತಿದ್ದಾರೆ. ಫ್ಲಾರಿಡಾ ರಾಜ್ಯ 2016ರಲ್ಲಿ ಕಾಯಿದೆ ಮಾಡಿ, ಶಾಲೆ ಬದಲಿಸಿದವನು ಕೂಡಲೇ ಆಡಬಹುದೆಂದಿತು. ಇಂಡಿಯಾನಾ ರಾಜ್ಯದ ಸಂಘ 2025ರಲ್ಲಿ ಮೊದಲ ಬದಲಾವಣೆಗೆ ತಡೆಯಿಲ್ಲವೆಂದು ನಿಯಮ ತಿದ್ದಿತು. ಮೇಲೆ ಕಾಲೇಜುಗಳಲ್ಲಿ 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದಾಗಿದೆ. ಆ ಹಣದ ಆಸೆ ಹೈಸ್ಕೂಲಿಗೂ ಇಳಿದಿದೆ. ಇದನ್ನು ಸ್ವಾತಂತ್ರ್ಯವೆಂದು ಕೊಂಡಾಡುವವರಿದ್ದಾರೆ. ಮಗುವಿಗೆ ಹೋಗುವ ಹಕ್ಕಿರಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಹೊರಡುವವರು ಯಾವ ಕಡೆಯಿಂದ ಯಾವ ಕಡೆಗೆ ಹೊರಡುತ್ತಾರೆ? ಒಳ್ಳೆಯ ಬಯಲು, ಒಳ್ಳೆಯ ಮೇಷ್ಟರು ಇಲ್ಲದ ಶಾಲೆಯಿಂದ ಅವೆಲ್ಲ ಇರುವ ಶಾಲೆಗೆ. ಕಾರಿನಲ್ಲಿ ದಿನಾ ಕರೆದೊಯ್ಯಬಲ್ಲ ತಂದೆತಾಯಿಯಿದ್ದವನು ಹೋಗುತ್ತಾನೆ. ಇಲ್ಲದವನು ಮುರಿದ ತಂಡದಲ್ಲಿ ಉಳಿಯುತ್ತಾನೆ. ಇದರ ಬೇರು ಆಟದ ನಿಯಮಕ್ಕಿಂತ ಆಳದಲ್ಲಿದೆ.

ಆ ಬೇರನ್ನೂ ಟೆಕ್ಸಸಿನಲ್ಲೇ ತೋರಿಸಬಹುದು. ಅಮೆರಿಕದ ಸರ್ಕಾರಿ ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಆಯಾ ಊರಿನ ಮನೆ ನೆಲಗಳ ಮೇಲಿನ ತೆರಿಗೆಯಿಂದ ಬರುತ್ತದೆ. ನೆಲಕ್ಕೆ ಬೆಲೆಯಿದ್ದ ಕಡೆ ಶಾಲೆಗೆ ಹಣ. ಬೆಲೆಯಿಲ್ಲದ ಕಡೆ ಬರಗಾಲ. ಸ್ಯಾನ್ ಆಂಟೋನಿಯೋ ನಗರದಲ್ಲಿ ಎಡ್ಜ್‌ವುಡ್ ಮತ್ತು ಅಲಾಮೊ ಹೈಟ್ಸ್ ಎಂಬ ಎರಡು ಶಾಲಾ ಜಿಲ್ಲೆಗಳು. ಮೊದಲನೆಯದು ಹೆಚ್ಚಾಗಿ ಮೆಕ್ಸಿಕೊ ಮೂಲದ ಬಡವರದ್ದು, ಎರಡನೆಯದು ಸಿರಿವಂತರದ್ದು. 1967–68ರಲ್ಲಿ ಎಡ್ಜ್‌ವುಡ್ಡಿನ ಜನ ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕೊಟ್ಟರು. ಅಲಾಮೊ ಹೈಟ್ಸಿನವರು ಕೊಟ್ಟದ್ದು 85 ಸೆಂಟು. ರಾಜ್ಯದ ಮತ್ತು ಕೇಂದ್ರದ ಹಣವನ್ನೂ ಕೂಡಿಸಿದ ಮೇಲೆ ಎಡ್ಜ್‌ವುಡ್ಡಿನ ಒಂದು ಮಗುವಿಗೆ ಸಿಕ್ಕಿದ್ದು 356 ಡಾಲರ್, ಅಲಾಮೊ ಹೈಟ್ಸಿನ ಮಗುವಿಗೆ 594 ಡಾಲರ್. ಹೆಚ್ಚು ದರದಲ್ಲಿ ತೆತ್ತವನಿಗೆ ಕಡಮೆ ಶಾಲೆ! ಎಡ್ಜ್‌ವುಡ್ಡಿನ ತಂದೆತಾಯಿಗಳು 1968ರಲ್ಲಿ ದಾವೆ ಹೂಡಿದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐವರು ನಾಲ್ವರ ಬಹುಮತದಿಂದ, ಈ ಪದ್ಧತಿ ಕೇಂದ್ರ ಸಂವಿಧಾನಕ್ಕೆ ವಿರುದ್ಧವಲ್ಲವೆಂದಿತು. ಟೆಕ್ಸಸಿನದೇ ಸರ್ವೋಚ್ಚ ನ್ಯಾಯಾಲಯ ತನ್ನ ರಾಜ್ಯದ ಸಂವಿಧಾನಕ್ಕೆ ಇದು ವಿರುದ್ಧವೆಂದು ಹೇಳಲು 1989 ಬರಬೇಕಾಯಿತು. ಅಷ್ಟರಲ್ಲಿ ದಾವೆ ಹೂಡಿದಾಗಿನ ಮಕ್ಕಳು ಮಕ್ಕಳಾಗಿ ಉಳಿದಿರಲಿಲ್ಲ.

ಅದೇ ರಾಜ್ಯದಲ್ಲಿ, ಡಲ್ಲಾಸ್ ನಗರದ ಹೊರವಲಯದ ಆಲೆನ್ ಎಂಬ ಊರಿನ ಹೈಸ್ಕೂಲಿಗೆ 2012ರಲ್ಲಿ ಸುಮಾರು 6 ಕೋಟಿ ಡಾಲರ್ ವೆಚ್ಚದ, 18,000 ಜನ ಕೂರುವ ಕ್ರೀಡಾಂಗಣ ತೆರೆದರು. ಕಾಂಕ್ರೀಟು ಬಿರುಕು ಬಿಟ್ಟು 2014ರಲ್ಲಿ ಮುಚ್ಚಿ, ದುರಸ್ತಿಯಾದ ಮೇಲೆ 2015ರಲ್ಲಿ ಮತ್ತೆ ತೆರೆದರು. ಇಂಥ ಬಯಲನ್ನು ಒಂದು ಕಡೆ ಕಟ್ಟಿ, ಇನ್ನೊಂದು ಕಡೆಯ ಹುಡುಗನಿಗೆ ಅದರ ಕಡೆ ನೋಡಬೇಡವೆನ್ನುವುದು ಎಂಥ ನೀತಿ? ಶಾಲೆಗಳ ನಡುವೆ ಇಷ್ಟು ಅಂತರವನ್ನು ಬೆಳೆಸಿದವರು ದೊಡ್ಡವರು. ಅಂತರವನ್ನು ದಾಟಿದನೆಂದು ತಪ್ಪಿತಸ್ಥನಾದವನು ಹದಿನಾರು ವರ್ಷದ ಹುಡುಗ.

ಹಾಗಾದರೆ ಆಟಗಾರರನ್ನು ಕೊಳ್ಳುವ ಶಾಲೆಯನ್ನು ತಡೆಯುವುದು ಹೇಗೆ ಎಂದು ಕೇಳಬಹುದು. ತಡೆಯುವ ದಾರಿ ಇದೆ, ಅದಕ್ಕೆ ನ್ಯಾಯಾಲಯದ ಒಪ್ಪಿಗೆಯೂ ಇದೆ. ಟೆನೆಸಿ ರಾಜ್ಯದಲ್ಲಿ ಬ್ರೆಂಟ್‌ವುಡ್ ಅಕಾಡೆಮಿಯೆಂಬ ಖಾಸಗಿ ಶಾಲೆಯ ಫುಟ್‌ಬಾಲು ತರಬೇತುದಾರ, ಇನ್ನೂ ಬೇರೆ ಶಾಲೆಗಳಲ್ಲಿದ್ದ ಎಂಟನೆಯ ತರಗತಿಯ ಹುಡುಗರಿಗೆ ಅಭ್ಯಾಸಕ್ಕೆ ಬನ್ನಿರೆಂದು ಪತ್ರ ಬರೆದ. 1997ರಲ್ಲಿ ಆ ರಾಜ್ಯದ ಸಂಘ ಶಾಲೆಗೆ 3,000 ಡಾಲರ್ ದಂಡ ಹಾಕಿ, ಫುಟ್‌ಬಾಲು ಮತ್ತು ಬ್ಯಾಸ್ಕೆಟ್‌ಬಾಲು ತಂಡಗಳನ್ನು ಎರಡು ವರ್ಷ ಅಂತಿಮ ಸುತ್ತಿನ ಪಂದ್ಯಗಳಿಂದ ಹೊರಗಿಟ್ಟಿತು. ಶಾಲೆ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ಕೋರ್ಟು, ಇಂಥ ಸಂಘ ಹೆಸರಿಗೆ ಖಾಸಗಿಯಾದರೂ ಸರ್ಕಾರದ ಅಂಗದಂತೆ ನಡೆಯುವುದರಿಂದ ಸಂವಿಧಾನಕ್ಕೆ ಬದ್ಧವೆಂದಿತು. 2007ರಲ್ಲಿ, ಆಟಗಾರರನ್ನು ಸೆಳೆಯುವುದರ ವಿರುದ್ಧದ ನಿಯಮವನ್ನು ಸಂಘ ಜಾರಿಗೊಳಿಸಬಹುದೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಈ ಎರಡನ್ನೂ ಕೂಡಿಸಿ ಓದಬೇಕು. ಸಂಘ ಮಗುವಿಗೆ ನ್ಯಾಯ ಕೊಡಬೇಕು. ಸೆಳೆಯುವ ಶಾಲೆಯನ್ನು ನೇರವಾಗಿ ದಂಡಿಸಬಹುದು. ಅಲ್ಲಿಯೂ ಅಂತಿಮ ಪಂದ್ಯಗಳನ್ನು ಕಳೆದುಕೊಂಡವರು ಪತ್ರ ಬರೆದವನಲ್ಲ, ತಂಡದ ಹುಡುಗರು ಎಂಬುದನ್ನೂ ಮರೆಯಕೂಡದು.

ಆದುದರಿಂದ ನಮ್ಮ ನಿಲುವನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಒಂದು, ಮೊದಲ ಸಲ ಶಾಲೆ ಬದಲಿಸುವ ಮಗುವಿನಿಂದ ಕಾರಣ ಕೇಳಕೂಡದು. ಆಮೇಲೂ ತಪ್ಪು ಹೊರಿಸುವವನೇ ಅದನ್ನು ರುಜುವಾತುಪಡಿಸಬೇಕು. ಎರಡು, ಸೆಳೆದದ್ದು ರುಜುವಾತಾದರೆ ದಂಡ ತರಬೇತುದಾರನಿಗೆ ಮತ್ತು ಆಡಳಿತದವರಿಗೆ, ಮಗುವಿಗೆ ಅಲ್ಲ. ಮೂರು, ಎದುರಾಳಿ ಶಾಲೆಯವರು ನ್ಯಾಯಪೀಠದಲ್ಲಿ ಕೂರಕೂಡದು. ನಾಲ್ಕು, ಶಾಲೆಯ ಹಣ ನೆಲದ ಬೆಲೆಯನ್ನು ಹಿಂಬಾಲಿಸದೆ ಮಕ್ಕಳ ತಲೆಯೆಣಿಕೆಯನ್ನೂ ಕೊರತೆಯನ್ನೂ ಹಿಂಬಾಲಿಸಬೇಕು. ನಾಲ್ಕನೆಯದಿಲ್ಲದೆ ಮೊದಲ ಮೂರನ್ನು ಮಾತ್ರ ಮಾಡಿದರೆ ಸಣ್ಣ ಶಾಲೆಗಳು ಒಳ್ಳೆಯ ಆಟಗಾರರನ್ನು ಕಳೆದುಕೊಳ್ಳುವುದು ಖಂಡಿತ. ಆ ನಷ್ಟ ನಮಗೂ ನೋವಿನದೇ. ಆದರೆ ಶಾಲೆಯನ್ನು ಉಳಿಸಲು ಮಗುವನ್ನು ಕಟ್ಟಿಹಾಕುವುದನ್ನು ನಾವು ಒಪ್ಪಲಾರೆವು. ಮಗು ತಾನಾಗಿ ಉಳಿಯುವಂಥ ಶಾಲೆಯನ್ನು ಕಟ್ಟುವುದೇ ದಾರಿ.

ಇನ್ನು ನಮ್ಮ ಬಾಗಿಲಿನ ಮಾತು. ಟೆಕ್ಸಸಿನಷ್ಟು ದೊಡ್ಡ ಬಯಲು ನಮ್ಮ ಹೈಸ್ಕೂಲುಗಳಿಗಿಲ್ಲ; ಎಷ್ಟೋ ಕಡೆ ಬಯಲೇ ಇಲ್ಲ. ಆದರೆ ಮಗುವನ್ನು ಹಿಡಿದಿಟ್ಟುಕೊಳ್ಳುವ ಚಟ ನಮಗೂ ಹೊಸದಲ್ಲ. ಬಾಕಿ ಫೀಸು ತಂದರೆ ಟಿ.ಸಿ. ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂಬ ಮಾತನ್ನು ಕೇಳಿಸಿಕೊಂಡು ಬಂದ ತಂದೆತಾಯಿಗಳು ಈ ಊರಿನಲ್ಲೇ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಐದನೆಯ ಕಲಮನ್ನು ಉಪಾಧ್ಯಾಯ ಮಿತ್ರರು ತೆಗೆದು ಓದಬೇಕು. ಶಾಲೆ ಬದಲಿಸಲು ಬಯಸುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡತಕ್ಕದ್ದು. ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ತಡೆಯುವಂತಿಲ್ಲ. ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ. ಟೆಕ್ಸಸಿನ ನಿಯಮದಲ್ಲಿ ಕಾಣದೆ ಹೋದ ನ್ಯಾಯ ಇಲ್ಲಿ ಕಾಯಿದೆಯ ಅಕ್ಷರದಲ್ಲಿದೆ: ತಪ್ಪು ದೊಡ್ಡವರದಾದರೆ ಶಿಕ್ಷೆಯೂ ದೊಡ್ಡವರಿಗೆ.

ಆದರೆ ಆ ಕಾಯಿದೆ ಎಂಟನೆಯ ತರಗತಿಗೆ ನಿಲ್ಲುತ್ತದೆ. ಹುಡುಗ ಓಟಗಾರನಾಗುವ, ಹುಡುಗಿ ಕೊಕ್ಕೋ ತಂಡದ ನಾಯಕಿಯಾಗುವ ಹೈಸ್ಕೂಲಿನ ವಯಸ್ಸಿಗೆ ಆ ರಕ್ಷಣೆ ಇಲ್ಲ. ಅದನ್ನು ಹತ್ತನೆಯ ತರಗತಿಗೂ ಅದರಾಚೆಗೂ ವಿಸ್ತರಿಸಬೇಕೆಂದು ಕೇಳುವುದು ನಮ್ಮ ಕೆಲಸ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಇಲ್ಲಿ ಕುಳಿತಿರುವ ಉಪಾಧ್ಯಾಯರು ನಾಳೆ ಬೆಳಿಗ್ಗೆ ತಮ್ಮ ಶಾಲೆಯ ಕಪಾಟು ತೆಗೆದು, ಬಾಕಿಯ ಹೆಸರಿನಲ್ಲಿ ತಡೆದಿಟ್ಟ ಟಿ.ಸಿ. ಒಂದಾದರೂ ಇದ್ದರೆ ಅದನ್ನು ಅದರ ಮಗುವಿಗೆ ತಲಪಿಸಲಿ. ಈ ಕೂಟದಿಂದ ನಾವು ಕೇಳುವುದು ಅಷ್ಟೇ.